ಒಂದು ಬಟ್ಟಲು ಕಾಡಿಗೆ

ಮಾದನಾಯಕನಹಳ್ಳಿ
೧೨ ಫೆಬ್ರವರಿ ೨೦೨೫, ಬುಧವಾರ

ಪ್ರೀತಿಯ ಮೊಮ್ಮಗ ಲೋಕೇಶನಿಗೆ,

ಹೇಗಿದ್ದೀಯಪ್ಪಾ? ಹೈದರಾಬಾದಿನ ಖಾರಕ್ಕೆ ಹೊಟ್ಟೆ ಹೊಂದಿಕೊಂಡಿತೇ? ಹೋದ ಸಲ ಬಂದಾಗ ಕಣ್ಣು ಕೆಂಪಗಿದ್ದವು. ದಿನವೆಲ್ಲಾ ಕಂಪ್ಯೂಟರ್ ಮುಂದೆ ಕೂತು ಹಾಡಿನ ವಿಡಿಯೋಗಳ ಬಣ್ಣ ತಿದ್ದುವುದೇ ಕೆಲಸ ಎಂದಿದ್ದೆ. ಮಲಗುವ ಮುಂಚೆ ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೋ. ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ನಿಮ್ಮಮ್ಮ ಪೀಣ್ಯದ ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಾಳೆ, ಸೂಪರ್‌ವೈಸರನ್ನು ಬೈದುಕೊಂಡು ಚೆನ್ನಾಗಿಯೇ ಇದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಜೋರಾಗಿ ಆಡಿದರೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ನಾಲ್ಕನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದು.

ನಮ್ಮ ಗೋಡೌನಿನಲ್ಲಿ ನಿಮ್ಮ ಕಂಪನಿಯವರು ತೆಗೆದ ಹಾಡು ಸಂಕ್ರಾಂತಿಗೆ ಬಂತಲ್ಲ, ಅದನ್ನು ನಾಲ್ಕು ಸಲ ನೋಡಿದೆ. ಮೊದಲ ಸಲ ನಮ್ಮ ಶಟರು, ನಮ್ಮ ಗೋಡೆ ಎಂದು ಖುಷಿಪಟ್ಟೆ. ಎರಡನೇ ಸಲ ನಿನ್ನ ತಂಗಿ ಶೋಭಾರಾಣಿಯನ್ನು ಹುಡುಕಿದೆ, ಸಿಗಲಿಲ್ಲ. ಮೂರನೇ ಸಲ ಅವಳೇ ಬೆರಳಿಟ್ಟು ತೋರಿಸಿದಳು: ಹುಲ್ಲಿನ ಲಂಗ ಉಟ್ಟು, ಕೈಯಲ್ಲಿ ಭರ್ಜಿ ಹಿಡಿದು, ಎಲ್ಲರಿಗಿಂತ ಹಿಂದೆ. ನಾಲ್ಕನೇ ಸಲ ಹಾಡಿನ ಕಥೆಯನ್ನೇ ಗಮನಿಸಿದೆ. ಬಿಳಿ ಅಂಗಿಯ ಹೀರೋ ಕಾಡಿಗೆ ಬರುತ್ತಾನೆ, ಕರಿಯ ಜನ ಕಣ್ಣು ಕೆಕ್ಕರಿಸಿಕೊಂಡು ಅವನನ್ನು ಹಿಡಿಯುತ್ತಾರೆ, ಅವನು ಹಾಡಿದ ಕೂಡಲೇ ಕಾಲಿಗೆ ಬೀಳುತ್ತಾರೆ. ಆ ಕಾಡಿನಲ್ಲೇ ಹುಟ್ಟಿ ಬೆಳೆದ ರಾಜಕುಮಾರಿ ಮಾತ್ರ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿದ್ದಾಳೆ. ಅವಳನ್ನು ಯಾರು ಹೆತ್ತರೋ, ಆ ಕಾಡಿನ ದೇವರೇ ಹೇಳಬೇಕು! ಬೆಳ್ಳಗಿನವರು ಹಣ್ಣು ತಿನ್ನುತ್ತಾ ಕೂತಿರುತ್ತಾರೆ, ಕರಿಯವರು ತಟ್ಟೆ ಹೊರುತ್ತಾರೆ. ರಾಜಕುಮಾರಿಯ ಕಿವಿಯೋಲೆಯನ್ನು ಅಷ್ಟು ಹೊತ್ತು ತೋರಿಸಿದ ಕ್ಯಾಮೆರಾ ಹಿಂದಿನ ಸಾಲಿನ ಒಂದು ಮುಖದ ಮೇಲೂ ನಿಲ್ಲಲಿಲ್ಲ. ಹಾಡು ಕೇಳಲು ಚೆನ್ನಾಗಿದೆ, ಇಲ್ಲವೆನ್ನುವುದಿಲ್ಲ. ಎದುರುಮನೆಯ ಮಕ್ಕಳು ಬೀದಿಯಲ್ಲಿ ಅದಕ್ಕೇ ಕುಣಿಯುತ್ತವೆ. ಶೋಭಾ ನಲ್ಲಿಗೆ ಬಂದರೆ ನಾಲಗೆ ಚಾಚಿ ಭರ್ಜಿ ಹಿಡಿದವರಂತೆ ಆಡುತ್ತವೆ.

ಇದರಲ್ಲಿ ನನ್ನ ಕೈಯೂ ಇದೆ ಕಣೋ, ಸುಮ್ಮನೆ ನಿನ್ನೊಬ್ಬನನ್ನೇ ಬೈದರೆ ನಾಲಗೆಗೆ ಹುಳ ಬಿದ್ದೀತು. ಶೂಟಿಂಗಿಗೆ ಎರಡು ದಿನ ಮುಂಚೆ ನೀನು ಬಂದು, "ಅಜ್ಜೀ, ಪೇಂಟು ಬೆವರಿಗೆ ಇಳಿದ್ಹೋಗುತ್ತೆ, ನಿನ್ನ ಕಾಡಿಗೆ ಆದ್ರೆ ಜಪ್ಪಯ್ಯ ಅಂದ್ರೂ ಹೋಗಲ್ಲ, ಒಂದು ಬಟ್ಟಲು ಮಾಡ್ಕೊಡು" ಎಂದೆ. ನನಗೆ ಕೋಡು ಮೂಡಿತು. ಐದು ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಮಸಿ ಕೆರೆದು, ಬೆಣ್ಣೆ ಹಾಕಿ ಕಲಸಿದೆ. ನೀವಿಬ್ಬರೂ ಮಕ್ಕಳಾಗಿದ್ದಾಗ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟದ್ದು ಅದೇ ಕಾಡಿಗೆ. ಅಂದು ಬೆರಳ ತುದಿಯಲ್ಲಿ ಇಟ್ಟಿದ್ದನ್ನು ಈಗ ಅಂಗೈಯಲ್ಲಿ ಬಳಿದೆ, ಬಯಲಾಟದ ವೇಷ ಎಂದುಕೊಂಡು. ಮೊದಲು ಶೋಭಾಳಿಗೆ, ಆಮೇಲೆ ನಮ್ಮ ಮಹಡಿಯ ರೂಮಿನ ಗ್ರೇಸ್‌ಗೆ. ಆ ಹುಡುಗಿ ಉಗಾಂಡಾದಿಂದ ನರ್ಸಿಂಗ್ ಓದಲು ಬಂದವಳು, ಚರ್ಚಿನಲ್ಲಿ ಹಾಡುತ್ತಾಳೆ, ನನ್ನ ಹತ್ತಿರ ಕಾಫಿಗೆ ಬಂದು ಬಂದೇ ಕನ್ನಡ ಕಲಿತಳು. ಒಳ್ಳೇ ಪಾತ್ರ ಇದೆ ಎಂದು ನೀನೇ ಕರೆದಿದ್ದೆ. ನಾನು ಬಟ್ಟಲು ಹಿಡಿದು ಹೋದಾಗ ಅವಳು, "ನಂಗೆ ಯಾಕಜ್ಜಿ? ನಾನು ಆಗ್ಲೇ ಇದೀನಲ್ಲ" ಎಂದಳು. ಇವಳ ಬಣ್ಣ ಕ್ಯಾಮೆರಾಕ್ಕೆ ಸಾಲದು, ಇನ್ನೂ ಕಪ್ಪಾಗಬೇಕು ಎಂದು ನಿಮ್ಮವರು ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಬಳಿದೆ. ಒಪ್ಪಿಕೊಂಡ ಮಾತಿಗೆ ಅವಳು ಸಂಜೆಯವರೆಗೂ ನಿಂತಳು. ಅಂದಿನಿಂದ ನನ್ನ ಹತ್ತಿರ ಕಾಫಿಗೆ ಬರುತ್ತಿಲ್ಲ, ಮೆಟ್ಟಿಲಲ್ಲಿ ಸಿಕ್ಕರೆ ತಲೆ ಆಡಿಸಿ ಹೋಗುತ್ತಾಳೆ. ಮೊನ್ನೆ ಈ ಮಂಡಿಯನ್ನು ಹಿಡಿದುಕೊಂಡು ಮಹಡಿ ಹತ್ತಿ, ತಪ್ಪಾಯಿತು ಮಗಳೇ ಎಂದೆ. ಕೂರಿಸಿ ನೀರು ಕೊಟ್ಟಳು. "ನೀವು ಯಾಕ್ ನಕ್ರಿ ಅಜ್ಜಿ?" ಎಂದಳು. ನೀರು ಕುಡಿದು, ಲೋಟ ತೊಳೆದಿಟ್ಟು ಇಳಿದು ಬಂದೆ.

ಶೋಭಾಳ ಮುಖದ ಕಾಡಿಗೆ ಹೋಗಲು ಮೂರು ದಿನ ಬೇಕಾಯಿತು, ಸೀಗೆಪುಡಿ, ಕಡಲೆಹಿಟ್ಟು, ಬಿಸಿನೀರು. ಸರಿ, ಹೋಯಿತು. ಆದರೆ ಹಾಡು ಬಂದ ಮೇಲೆ ಮತ್ತೆ ಉಜ್ಜಲು ಶುರು ಮಾಡಿದ್ದಾಳೆ. ಇಲ್ಲದ ಕಾಡಿಗೆಯನ್ನು ಉಜ್ಜುತ್ತಿದ್ದಾಳೆ ಲೋಕೇಶ. ಯಾವುದೋ ಟ್ಯೂಬಿನ ಕ್ರೀಮು ತಂದು ಬಳಿದುಕೊಂಡು ಎಡಗೆನ್ನೆ ಸುಟ್ಟುಕೊಂಡಿದ್ದಾಳೆ. ನಾಗಸಂದ್ರದ ಡ್ಯಾನ್ಸ್ ಕ್ಲಾಸು ಬಿಟ್ಟಳು. ಅಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಕೆಲಸ ಸಿಗುವುದಿತ್ತು, ಅದೂ ಬೇಡವಂತೆ. ಪ್ರಾಕ್ಟೀಸಿನ ಒಂದು ತಿಂಗಳೂ ಮುಂದಿನ ಸಾಲಿನ ನಡುಮಧ್ಯೆ ಕುಣಿದವಳನ್ನು ಶೂಟಿಂಗಿನ ಬೆಳಿಗ್ಗೆ ಹಿಂದಕ್ಕೆ ಕಳಿಸಿದಾಗ ನೀನು "ಲೈಟು ಸರಿಯಾಗಿ ಬೀಳ್ತಿಲ್ಲ ಪುಟ್ಟಿ" ಎಂದೆ. ಅವಳು ನಂಬಿದಳು, ನಾನೂ ನಂಬಿದೆ. ಸೋಮವಾರ ನಿಮ್ಮ ಕಂಪನಿಯ ಮ್ಯಾನೇಜರ್ ಬಂದಿದ್ದ. ಜಗಲಿಯಲ್ಲಿ ಕೂತು ನನ್ನ ಮಜ್ಜಿಗೆ ಕುಡಿಯುತ್ತಾ, "ನಿಮ್ ಮೊಮ್ಮಗಾನೇ ಹೇಳಿದ್ದು ಅಜ್ಜಿ, ನನ್ ತಂಗಿ ಕಲರ್‌ಗೆ ಹಿಂದಿನ ಸಾಲೇ ಸರಿ ಅಂತ. ಒಳ್ಳೇ ಹುಡ್ಗ, ಮನೆಯೋರು ಅಂತ ನೋಡಲ್ಲ" ಎಂದು ಹೊಗಳಿದ. ಶೋಭಾ ಬಾಗಿಲ ಹಿಂದೆಯೇ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು. ಅಂದಿನಿಂದ ನಿನ್ನ ಹೆಸರು ಎತ್ತಿಲ್ಲ.

ನಿನ್ನ ಬಣ್ಣವೇನು ಹಾಲೇನೋ? ನೀನು ಕ್ಯಾಮೆರಾದ ಹಿಂದಿರುತ್ತೀ, ಅಷ್ಟೇ ವ್ಯತ್ಯಾಸ. ಆದರೂ ಇದನ್ನು ಎಲ್ಲಿ ಕಲಿತೆ ಎಂದು ಯೋಚಿಸಿದರೆ ದಾರಿ ಈ ಮನೆಗೇ ಬರುತ್ತದೆ. ನಿಮ್ಮಮ್ಮ ಶೋಭಾಳನ್ನು ಹೊತ್ತಿದ್ದಾಗ ಕೆಂಪಗಿನ ಮಗು ಬರಲಿ ಎಂದು ಕೇಸರಿ ಹಾಲು ಕುಡಿಸಿದವಳು ನಾನು. ಹುಟ್ಟಿದ ಮೇಲೆ ನೋಡಿ, ಹಾಲು ದಂಡವಾಯಿತು ಎಂದವಳೂ ನಾನೇ. ನೀನು ಆಗ ಏಳು ವರ್ಷದವನು, ಪಕ್ಕದಲ್ಲೇ ನಿಂತು ನಕ್ಕಿದ್ದೆ. ಇದನ್ನು ನಿನ್ನೆ ಶೋಭಾಳಿಗೆ ಹೇಳಿದೆ. ಅವಳು ಎದ್ದು ಹೋಗಲಿಲ್ಲ. ನನ್ನ ಪಾಲಿನದು ನಾನು ಹೇಳಿದ್ದಾಯಿತು. ಲೈಟಿನ ಮೇಲೆ ಹಾಕಿದ ಸುಳ್ಳನ್ನು ನೀನು ಅವಳ ಎದುರು ಬಂದು ಇಳಿಸು. ಫೋನಿನಲ್ಲಿ ಬೇಡ, ಅವಳ ಕೆನ್ನೆಯನ್ನು ನೀನು ಕಣ್ಣಿಂದ ನೋಡಬೇಕು. ಆಮೇಲೆ ಮಹಡಿ ಹತ್ತು. ನಿನ್ನ ಮಂಡಿ ಗಟ್ಟಿಯಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಇಷ್ಟು ಬೈದರೂ ನಿನ್ನ ನೆತ್ತಿಯ ಮೇಲಿಟ್ಟ ಕೈ ತೆಗೆದಿಲ್ಲ, ತಿಳಿದಿರಲಿ.

ನಿನ್ನ ಅಜ್ಜಿ,
ರಾಮಕ್ಕ

ಮರೆತಿದ್ದೆ: ಆ ಮ್ಯಾನೇಜರ್ ಬಂದದ್ದು ಎರಡನೇ ಹಾಡಿಗೆ, ಇಪ್ಪತ್ತನೇ ತಾರೀಕು ಗೋಡೌನ್ ಬೇಕು ಎಂದು. ಅದೇ ಕಾಡು, ಅದೇ ಜನವಂತೆ, ಇನ್ನೊಂದು ಬಟ್ಟಲು ಕಾಡಿಗೆಯೂ ಬೇಕಂತೆ. ಶಟರಿನ ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿದೆ, ಅವನಿಗೆ ಕೊಡಲಿಲ್ಲ. ಕಾಡಿಗೆ ಮಾಡಿಟ್ಟಿದ್ದೇನೆ, ಬೆರಳ ತುದಿಗೆ ಆಗುವಷ್ಟು ಮಾತ್ರ. ಶೋಭಾ ತನ್ನ ಮುಖದಲ್ಲೇ ಮುಂದಿನ ಸಾಲಿನಲ್ಲಿ ನಿಂತ ದಿನ, ಕಣ್ಣು ಬೀಳದ ಹಾಗೆ ಅವಳ ಬಲಗೆನ್ನೆಗೆ ಇಡುವುದಕ್ಕೆ.