ನೀರು ಕುಣಿಯೋವರೆಗೆ

ಅಕ್ಕಾ,

ನಾನು ಬೇಡ ಬೇಡ ಅಂದರೂ ನೀನು ಚೀಲಕ್ಕೆ ತುರುಕಿದೆಯಲ್ಲ, ಅಮ್ಮನ ಹಳೇ ಸೀರೆ ತುಂಡು, ಈಗ ಈ ಚಾರಣದಲ್ಲಿ ಎಲ್ಲರ ಹೊಟ್ಟೆ ಕಾಯ್ತಿರೋದು ಅದೇ. ಇಲ್ಲಿ ತೊರೆ ನೀರು ಚಹಾ ಬಣ್ಣಕ್ಕಿದೆ. ಜೊತೆಯವರ ದುಬಾರಿ ಫಿಲ್ಟರ್ ಕೆಸರು ಕಟ್ಟಿ ಕೈಕೊಟ್ಟಿತು. ಅಮ್ಮ ನಲ್ಲಿಗೆ ಕಟ್ತಿದ್ದ ಹಾಗೇ ಬಟ್ಟೆ ಮಡಚಿ ಪಾತ್ರೆ ಬಾಯಿಗೆ ಕಟ್ಟಿದೆ. ಸೋಸಿದ ನೀರನ್ನ ಒಲೆ ಮೇಲಿಟ್ಟರೆ, ಹಬೆ ಕಂಡಿದ್ದೇ ತಡ, ನಮ್ಮ ಅಡುಗೆಯವನು ಇಳಿಸೋಕೆ ಬಂದ. "ಮುಟ್ಟಬೇಡ! ನೀರು ಇನ್ನೂ ಕುಣಿದಿಲ್ಲ!" ಅಂತ ಗದರಿಬಿಟ್ಟೆ, ಕನ್ನಡದಲ್ಲೇ, ಥೇಟ್ ಅಮ್ಮನ ಹಾಗೆ. ಪಾಪ, ಭಾಷೆ ಬರದಿದ್ದರೂ ಕೈ ಹಿಂದಕ್ಕೆ ತಗೊಂಡ. ಆಮೇಲೆ ನಗಾಡ್ತಾ ಆ ಮಾತು ಕಲಿಸಿಕೊಟ್ಟೆ.

ಹೊಟ್ಟೆ ಚೆನ್ನಾಗಿದೆ, ಕಾಲಲ್ಲಿ ಮಾತ್ರ ಬೊಬ್ಬೆ ಎದ್ದಿದೆ. ಸೀರೆ ತುಂಡು ಪೂರ್ತಿ ಕೆಂಪಗಾಗಿದೆ, ಬೈಬೇಡ.

ಈಗ ದಿನಾ ಸಂಜೆ ಅವನು ಪಾತ್ರೆ ಮುಚ್ಚಳ ಎತ್ತಿ ನನ್ನ ಕಡೆ ತಿರುಗಿ ಕೇಳ್ತಾನೆ, "ನೀರು ಕುಣೀತಾ?" ಅಮ್ಮ ಹೋದಮೇಲೆ ನನ್ನನ್ನ ಯಾರೂ ಹಾಗೆ ಕೇಳಿರಲಿಲ್ಲ ಕಣೇ. ನೀರು ಕೊತಕೊತ ಅಂತಿದ್ದರೂ ನಾನು ತುಟಿ ಬಿಚ್ಚಲ್ಲ, ಇನ್ನೊಂದು ಸಲ ಕೇಳಲಿ ಅಂತ.

ಕಾರ್ಡಲ್ಲಿ ಜಾಗ ಮುಗೀತು.
ನಿನ್ನ ಪುಟ್ಟಿ