ಆಮೆನ್‌ಗೆ ಮುಂಚಿನ ಹೆಸರು

ಸವಾಯಿ ದ್ವೀಪ, ಸಮೋವಾ
ಸೆಪ್ಟೆಂಬರ್ ೧೮

ಆಸ್ಟ್ರೇಲಿಯಾದ ಷೆಪರ್ಟನ್ನಿನಲ್ಲಿ ಇರುವವನಿಗೆ,

ತಾಲೋಫಾ, ನಮಸ್ಕಾರ. ಹೆಸರು ಹಾಕದೆ ಪತ್ರ ಶುರು ಮಾಡಿದ್ದಾಳೆಂದು ಬೇಸರಪಡಬೇಡ. ಯಾಕೆಂದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ. ಲಕೋಟೆಯ ಮೇಲೆ ನಿನ್ನ ಹೆಸರು ಬರೆದುಕೊಡು ಎಂದು ಪಾದ್ರಿಗಳ ಹೆಂಡತಿ ರೂಟಾಳನ್ನು ಕೇಳಿದ್ದೇನೆ. "ಪತ್ರ ಪೂರ್ತಿ ನೀನು ಬರೀತೀಯ, ಹೆಸರು ಮಾತ್ರ ನಾನು ಬರೀಬೇಕಾ? ಚೆನ್ನಾಗಿದೆ ಕಣೇ ನಿನ್ನ ನ್ಯಾಯ" ಎಂದು ನಕ್ಕಳು. ಆದರೂ ಒಪ್ಪಿಕೊಂಡಳು.

ಅಪ್ಪ ತೀರಿಕೊಂಡ ಸುದ್ದಿ ನಿನಗೆ ತಲುಪಿದೆ. ಮುಂದಿನ ತಿಂಗಳು ಮಕ್ಕಳ ಬಿಳಿ ಭಾನುವಾರದ ಹಬ್ಬಕ್ಕೆ ಊರಿಗೆ ಬರಬಹುದೇ, ನಮ್ಮ ಅಂಗಳದಲ್ಲಿ ಅಪ್ಪನ ಸಮಾಧಿಯ ಪಕ್ಕ ಸ್ವಲ್ಪ ಹೊತ್ತು ಕೂರಬಹುದೇ ಎಂದು ನೀನು ರೂಟಾಳ ಮೂಲಕ ಕೇಳಿಸಿದ್ದು ನನಗೂ ತಲುಪಿದೆ. ಅಮ್ಮನನ್ನು ಕೇಳಿದೆ. "ನನ್ನನ್ನೇನು ಕೇಳ್ತೀಯ? ಸಂಜೆ ಪ್ರಾರ್ಥನೆ ಯಾರ ಕೈಲಿದೆಯೋ ಅವರನ್ನ ಕೇಳು" ಅಂದಳು. ಅದು ಈಗ ನನ್ನ ಕೈಯಲ್ಲಿದೆ. ಹಾಗಾಗಿ ಉತ್ತರವೂ ನನ್ನ ಪಾಲಿಗೆ ಬಂತು.

ಅಪ್ಪನ ಮಣ್ಣಿನ ದಿನ ಪಾದ್ರಿಗಳು ವಾರಸಿನ ಬಗ್ಗೆ ಬೋಧನೆ ಮಾಡಿದರು. ವಿಶ್ವಾಸಿಯ ಮಕ್ಕಳಿಗೆ ಸಿಗುವ ದೊಡ್ಡ ಆಸ್ತಿ ಹೊಲ ಅಲ್ಲ, ಮನೆ ಅಲ್ಲ, ತಂದೆಯ ಮನಸ್ಸು ಅಂದರು. ನಾನು ಮೂಗು ಒರೆಸಿಕೊಂಡು ತಲೆಯಾಡಿಸಿದೆ. ಅಂಥ ದಿನ ಯಾರು ಏನು ಹೇಳಿದರೂ ತಲೆಯಾಡಿಸುತ್ತೇವೆ. ಮನೆತನದ ಪಟ್ಟವೂ ಟಾರೊ ಗೆಡ್ಡೆಯ ಹೊಲವೂ ಸೆಮು ಚಿಕ್ಕಪ್ಪನಿಗೆ ಹೋದವು. ಅದರಲ್ಲಿ ಯಾರದೂ ತಕರಾರಿರಲಿಲ್ಲ. ಸಂಜೆ ಪ್ರಾರ್ಥನೆ ಮಾತ್ರ ನನಗೆ ಬಂತು. ಮಾತು ನಿಲ್ಲುವ ಮೊದಲು ಅಪ್ಪ ನನ್ನ ಕೈ ಹಿಡಿದು, "ಶಂಖ ಊದಿದ ಮೇಲೆ ನಮ್ಮನೆ ಸುಮ್ನಿರಬಾರದು ಮಗಳೇ. ನೀನೇ ನಡೆಸು" ಅಂದಿದ್ದ. ನನಗೆ ಒಳಗೊಳಗೇ ಹೆಮ್ಮೆ. ಚಿಕ್ಕಪ್ಪನಿಗೆ ಸಿಕ್ಕಿದ್ದಕ್ಕಿಂತ ನನಗೆ ಸಿಕ್ಕಿದ್ದೇ ಹೆಚ್ಚು ಅಂದುಕೊಂಡೆ.

ನಂಟರೆಲ್ಲ ಹೊರಟುಹೋದ ಮೇಲೆ ಮೊದಲ ಸಂಜೆ. ಊರಿಗೆಲ್ಲ ಪ್ರಾರ್ಥನೆಯ ಹೊತ್ತು ತಿಳಿಸುವ ಶಂಖ ಕೇಳಿಸಿತು, ಎಲ್ಲರೂ ತಮ್ಮ ತಮ್ಮ ಕಂಬಕ್ಕೆ ಒರಗಿ ಕೂತರು. ಕೀರ್ತನೆ ಹಾಡಿದೆವು, ವಚನ ಓದಿದೆ, ಪ್ರಾರ್ಥನೆ ಶುರು ಮಾಡಿದೆ. ಹೆಸರುಗಳನ್ನು ಅಪ್ಪನ ಕ್ರಮದಲ್ಲೇ ಹೇಳಿದೆ: ಊರಿನಲ್ಲಿ ಕಾಯಿಲೆ ಬಿದ್ದವರು, ಪಾದ್ರಿಗಳು, ಆಕ್ಲೆಂಡಿನ ಮೊಮ್ಮಕ್ಕಳು, ಅಮ್ಮ, ಚಿಕ್ಕಪ್ಪನ ಮನೆಯವರು. ಇವರೆಲ್ಲರ ನಂತರ, ಆಮೆನ್‌ಗೆ ಮುಂಚೆ, ಅಪ್ಪ ನಿನ್ನ ಹೆಸರು ಹೇಳುತ್ತಿದ್ದ. ಇದು ನಿನಗೆ ಗೊತ್ತಿತ್ತೋ ಇಲ್ಲವೋ. ನನ್ನ ತಮ್ಮ ಎನೊಸಾ ಸತ್ತ ವರ್ಷದಿಂದ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ನಾನು ಅದನ್ನು ಬಿಟ್ಟು ಆಮೆನ್ ಅಂದೆ.

ಯಾರೂ ಆಮೆನ್ ಅನ್ನಲಿಲ್ಲ.

ಎಲ್ಲರೂ ತಲೆ ಬಗ್ಗಿಸಿಕೊಂಡೇ ಇದ್ದರು, ಇನ್ನೂ ಮುಗಿದಿಲ್ಲ ಎನ್ನುವ ಹಾಗೆ. ಮಕ್ಕಳು ಒಂದು ಕಣ್ಣು ತೆರೆದು ನನ್ನನ್ನು ನೋಡಿದವು. ಬೆಕ್ಕು ಮೀನಿನ ತಟ್ಟೆಯ ಹತ್ತಿರ ಸರಿಯಿತು, ಯಾರೂ ಗದರಲಿಲ್ಲ. ಹೊರಗೆ ಇನ್ನೊಂದು ಸಲ ಶಂಖ ಊದಿ, ಊರೆಲ್ಲ ಎದ್ದು ಊಟಕ್ಕೆ ಕೂತ ಸದ್ದು ಕೇಳಿಸಿತು. ಚಿಕ್ಕಪ್ಪ ಕೆಮ್ಮಿ, "ಇನ್ನೊಬ್ಬ ಉಳಿದಿದಾನಲ್ಲಮ್ಮಾ. ಬೇಗ ಹೇಳು, ಟಾರೊ ಕಲ್ಲಾಗ್ತಿದೆ" ಅಂದ. ನಾನು ಎದ್ದು ಅಡುಗೆಮನೆಗೆ ಹೋಗಿಬಿಟ್ಟೆ.

ಆಮೇಲೆ ಎಲ್ಲರೂ ಊಟ ಮಾಡಿದರು. ಅಮ್ಮನೂ ಮಾಡಿದಳು, ಊಟ ಬಿಟ್ಟು ಮುನಿಸು ತೋರಿಸುವ ಪೈಕಿ ಅಲ್ಲ ಅವಳು. ಆದರೆ ಅವತ್ತಿನಿಂದ ನನ್ನ ಪ್ರಾರ್ಥನೆಗೆ ಅವಳು ಆಮೆನ್ ಹೇಳಿಲ್ಲ. ಚಿಕ್ಕಪ್ಪ, ಮಕ್ಕಳು ಹೇಗೋ ಗೊಣಗುತ್ತಾರೆ. ಅಮ್ಮ ಕಣ್ಣು ಮುಚ್ಚಿ ಕಾಯುತ್ತಾಳೆ. ಕಾದು ಕಾದು ಕಣ್ಣು ತೆರೆದು ಅನ್ನುವುದಿಷ್ಟೇ: "ಊಟ ಹಾಕು."

ನಿನಗೆ ನೆನಪಿದೆಯಲ್ಲ, ಆ ಬೆಳಗ್ಗೆ. ಹಿಂದಿನ ದಿನ ಕ್ರಿಕೆಟ್ ಪಂದ್ಯ ಗೆದ್ದ ಖುಷಿಯಲ್ಲಿ ಕುಡಿದು ನೀನು ಪಿಕಪ್ ಓಡಿಸಿದೆ. ಹಿಂದೆ ಕೂತಿದ್ದ ನನ್ನ ತಮ್ಮ ಮನೆಗೆ ಬರಲಿಲ್ಲ. ನಸುಕಿನಲ್ಲಿ ನೀನೂ ನಿನ್ನ ಮನೆಯವರೂ ನಮ್ಮ ಅಂಗಳದಲ್ಲಿ ನಯದ ಚಾಪೆ ಹೊದ್ದು ತಲೆ ತಗ್ಗಿಸಿ ಕೂತಿರಿ. ಒಳಗಿನವರು ಹೊಡೆದರೂ ಹೊಡೆಸಿಕೊಳ್ಳುತ್ತೇವೆ, ಕ್ಷಮಿಸಿದರೆ ಏಳುತ್ತೇವೆ ಎನ್ನುವ ಆ ಕೂರುವಿಕೆ. ಒಲೆಯ ಕಲ್ಲುಗಳಲ್ಲಿ ದೊಡ್ಡದನ್ನು ಆರಿಸಿ ನಾನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಇಳಿದುಹೋಗಿ ಚಾಪೆ ಎತ್ತಿದ. "ಏಳಪ್ಪಾ, ಬಿಸಿಲೇರ್ತಾ ಇದೆ. ಒಳಗೆ ಬಂದು ಕೋಕೋ ಕುಡಿ" ಅಂದ. ಆ ಕೋಕೋ ನಿನಗೆ ಕೊಟ್ಟವಳು ನಾನು. ನಿನ್ನ ಮುಖ ನೋಡಲಿಲ್ಲ.

ಅವತ್ತಿನಿಂದ ಅಪ್ಪನ ಮೇಲೆ ನನಗೆ ಕೋಪವಿತ್ತು. ಇಷ್ಟು ಸಲೀಸಾಗಿ ಹೇಗೆ ಎತ್ತಿದ, ಮಗ ಅಷ್ಟು ಅಗ್ಗವೇ ಅನಿಸುತ್ತಿತ್ತು. ಇದನ್ನು ಹೋದ ವಾರ ಅಮ್ಮನಿಗೆ ಹೇಳಿಯೇಬಿಟ್ಟೆ. ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆವು. "ಅಪ್ಪನ ಕೀರ್ತನೆ ತಗೊಂಡಿದೀನಿ, ಬೈಬಲ್ಲು ತಗೊಂಡಿದೀನಿ, ಅಪ್ಪನ ಕಂಬದ ಹತ್ರ ಕೂರ್ತಿದೀನಿ. ಆ ಒಂದು ಹೆಸರು ನನಗೆ ಬೇಡ. ಅಪ್ಪನಿಗೇನು, ದೇವರಂಥ ಮನುಷ್ಯ, ಸುಲಭ ಆಯ್ತು" ಅಂದೆ.

ಅಮ್ಮ ಬಟ್ಟೆ ಕೆಳಗಿಟ್ಟಳು. "ಯಾರಿಗೆ ಸುಲಭ ಆಯ್ತು? ಚಾಪೆ ಎತ್ತಿದ್ದು ಒಂದು ಬೆಳಗ್ಗೆ. ಊರೆಲ್ಲ ನೋಡ್ತಾ ಇತ್ತು, ಎತ್ತಿದ. ಅವನ ಹೆಸರು ಹೇಳೋದು ದಿನಾ ಸಂಜೆ. ಯಾಕೆ ಕೊನೇಲಿ ಇಟ್ಕೊಂಡಿದ್ದ ಅಂದ್ಕೊಂಡಿದೀಯ? ಮಿಕ್ಕೋರ ಹೆಸರೆಲ್ಲ ಹೇಳ್ಕೊಂಡು ಧೈರ್ಯ ತಂದ್ಕೊಳ್ತಿದ್ದ ನಿಮ್ಮಪ್ಪ. ಪಕ್ಕದಲ್ಲಿ ಕೂತಿದ್ದೋಳು ನಾನು. ಗಂಟಲು ಕಟ್ಟೋದು ಕೇಳಿಸ್ತಿತ್ತು. ಕೊನೇ ಸಂಜೆವರೆಗೂ ಕಟ್ಟೋದು."

ನಾನು ಆ ಒದ್ದೆ ಬಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಎನೊಸಾ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಅಪ್ಪ ನನಗೆ ಮಾಡಿ ಮುಗಿಸಿದ ಕೆಲಸ ಬಿಟ್ಟುಹೋಗಿದ್ದಾನೆಂದು ತಿಳಿದಿದ್ದೆ. ಅರ್ಧಕ್ಕೆ ನಿಂತ ಕೆಲಸ ಬಿಟ್ಟುಹೋಗಿದ್ದಾನೆ. ಹೊಲವಾದರೆ ಒಂದು ತುಂಡು ಇಟ್ಟುಕೊಂಡು ಇನ್ನೊಂದು ತುಂಡು ಬಿಡಬಹುದು. ಇದನ್ನು ಹಾಗೆ ಭಾಗ ಮಾಡಲಾಗುವುದಿಲ್ಲ. ಅಪ್ಪನಿಗೆ ಇದು ಎಲ್ಲಿಂದ ಬಂತೋ ನಿನಗೂ ಗೊತ್ತು, ನನಗೂ ಗೊತ್ತು. ಶಿಲುಬೆಯ ಮೇಲೆ ಇದ್ದವನಿಗೂ ಸುಲಭವಾಗಿರಲಿಲ್ಲ. ಪಾದ್ರಿಗಳು ಅವತ್ತು ಹೇಳಿದ ವಾರಸು ಇದೇ ಇರಬೇಕು. ಮಣ್ಣಿನ ದಿನ ನಾನು ತಲೆಯಾಡಿಸಿದ್ದು ಇದಕ್ಕೇ ಎಂದು ನನಗೆ ತಿಳಿದಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಬಾ. ಚಾಪೆ ತರಬೇಡ. ಒಂದು ಸಲ ಎತ್ತಿದ್ದನ್ನು ಮತ್ತೆ ಹೊದೆಯುವ ಹಾಗಿಲ್ಲ. ಅಂಗಳದಲ್ಲಿ ಅಪ್ಪನ ಪಕ್ಕದಲ್ಲೇ ಎನೊಸಾ ಇದ್ದಾನೆ, ಇಬ್ಬರ ಹತ್ತಿರವೂ ಕೂರು. ಆಮೇಲೆ ಒಳಗೆ ಬಾ, ಎದುರಿನ ಕಂಬ ನಿನಗೆ ಬಿಟ್ಟಿರುತ್ತೇವೆ. ನಾನು ನಗುತ್ತೇನೆಂದು ಮಾತು ಕೊಡಲಾರೆ. ಕೋಕೋ ಕೊಡುತ್ತೇನೆ, ಈ ಸಲ ಮುಖ ನೋಡಿ ಕೊಡುತ್ತೇನೆ.

ಎನೊಸಾನ ಅಕ್ಕ,
ಫುವಾಟಿನೊ

ತಾ.ಕ.: ಸಹಿ ಹಾಕುವಷ್ಟರಲ್ಲಿ ಶಂಖ ಊದಿದರು. ಪ್ರಾರ್ಥನೆ ಮುಗಿಸಿ ಬಂದು ಇದನ್ನು ಸೇರಿಸುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ರೂಟಾಳದ್ದಲ್ಲ, ನನ್ನದೇ, ಸ್ವಲ್ಪ ಸೊಟ್ಟಗಿದೆ. ಗಂಟಲು ಕಟ್ಟಿತು, ಚಿಕ್ಕಪ್ಪ ಕಾದ, ಟಾರೊ ಆರಿತು. ಅಮೋಸಾ, ಇವತ್ತು ಅಮ್ಮ ಆಮೆನ್ ಅಂದಳು.