ಮಹಾನಂದಾಳ ಕಚ್ಚೊಪ್ಪಿಗೆ

ಗದಗ, 2294ರ ಫೆಬ್ರವರಿ ಮೂವತ್ತೊಂದು

ಹಿಂದಿನವರೇ,

ತಾರೀಖು ನೋಡಿ ನಗಬೇಡಿ. ತಿಂಗಳ ಕೊನೆಗೆ ಕೆಲಸ ಮುಗಿಯುವುದಿಲ್ಲವೆಂದು ನಮ್ಮ ಕಚೇರಿಗಳು ಫೆಬ್ರವರಿಗೆ ಮೂರು ದಿನ ಸೇರಿಸಿಕೊಂಡು ಬಹಳ ಕಾಲವಾಯಿತು. ನಿಮಗೆ ಗೊತ್ತಿಲ್ಲದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ದಾಕ್ಷಾಯಣಿ, ದವಡೆ ಕೀಲಿನ ವೈದ್ಯೆ. ಬರುವ ಶುಕ್ರವಾರ ನನ್ನ ತಂಗಿ ಮಹಾನಂದಾಳ ದವಡೆಯ ಕೀಲನ್ನು ಕತ್ತರಿಸಿ ತೆಗೆದು ಲೋಹದ್ದನ್ನು ಕೂರಿಸುತ್ತಾರೆ. ಅವಳಿಗೆ ಅದು ಬೇಕಿಲ್ಲ, ನಾನು ಬಲ್ಲಂತೆ ಅದರ ಅಗತ್ಯವೂ ಇಲ್ಲ. ಆದರೂ ತಡೆಯಲು ಆಗುತ್ತಿಲ್ಲ. ನನ್ನ ಸಿಟ್ಟನ್ನು ಇಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ನೀವು ಕಾಗದದ ಮೇಲೆ ರುಜು ಹಾಕುತ್ತೀರಿ. ನಾವು ಕಚ್ಚುತ್ತೇವೆ. ಬೆರಳಚ್ಚು, ಮುಖ, ದನಿ ಎಲ್ಲವನ್ನೂ ಕದಿಯುವವರು ಹುಟ್ಟಿಕೊಂಡ ಮೇಲೆ, ಒಬ್ಬರ ಹಲ್ಲು ಕೂಡುವ ಬಗೆ ಇನ್ನೊಬ್ಬರಿಗಿಲ್ಲ ಎಂದು ಯಾರೋ ಜಾಣರು ಕಂಡುಹಿಡಿದರು. ಅಂದಿನಿಂದ ಎಲ್ಲರ ದವಡೆಹಲ್ಲಿಗೂ ಒಂದು ಹಲ್ಲುಬಿಲ್ಲೆ, ಅಂದರೆ ಬೇಳೆಯಷ್ಟಗಲದ ತೆಳ್ಳನೆಯ ತಗಡು. ಗಟ್ಟಿಯಾಗಿ ಕಚ್ಚಿ ಮೂರು ಎಣಿಸುವಷ್ಟು ಹೊತ್ತು ಹಿಡಿದರೆ ಅದೇ ಕಚ್ಚೊಪ್ಪಿಗೆ, ನಮ್ಮ ರುಜು. ಬಸ್ ಹತ್ತಲು, ಮಗುವನ್ನು ಶಾಲೆಗೆ ಬಿಡಲು, ಹಾಲಿನ ಪೊಟ್ಟಣ ಪಡೆಯಲು ಕಚ್ಚಬೇಕು. ಬೀಜ ವಿತರಣಾ ಕಚೇರಿಯಲ್ಲಿರುವ ಮಹಾನಂದಾ ದಿನಕ್ಕೆ ಇನ್ನೂರು ಸಲ ಕಚ್ಚುತ್ತಿದ್ದಳು. ಊಟದ ಹೊತ್ತು ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಕದೆ ಇರುವುದೇ ದವಡೆಗೆ ಸುಖ. ಇದು ನಿಮ್ಮ ಕಾಲದ ವೈದ್ಯರಿಗೂ ಗೊತ್ತಿತ್ತು. ನಮ್ಮವರು ಮರೆತರು ಎನ್ನಲಾರೆ, ಗೊತ್ತಿದ್ದೂ ಬಿಲ್ಲೆ ಅಂಟಿಸಿದರು.

ಮೊದಲು ಅವಳ ಕಿವಿಯ ಮುಂದೆ ಕಟ್ ಎಂಬ ಸದ್ದು ಬಂತು. ಆಮೇಲೆ ಕಪಾಳದಲ್ಲಿ ನೋವು, ಅದರ ಹಿಂದೆಯೇ ತಲೆನೋವು. ಮನೆಯಲ್ಲೇ ದವಡೆ ವೈದ್ಯೆ ಇದ್ದರೂ ಹೇಳದೆ, ಕಿವಿನೋವೆಂದು ಎಣ್ಣೆ ಬಿಟ್ಟುಕೊಂಡು ಎರಡು ತಿಂಗಳು ಕಳೆದಳು. ಕೊನೆಗೊಂದು ಬೆಳಿಗ್ಗೆ ತಟ್ಟೆ ಮುಂದಿಟ್ಟುಕೊಂಡು, "ಅಕ್ಕಾ, ರೊಟ್ಟಿ ಒಳಗ ಹೋಗವಲ್ದು, ಬಾಯಿನ ತೆರೀವಲ್ದು" ಎಂದಳು. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದೂವರೆ ಹಿಡಿಸಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವುದು ನಿಮ್ಮ ಗಾದೆ. ನಮ್ಮಲ್ಲಿ ಎರಡೂ ಇವೆ, ಬಾಯಿ ತೆರೆಯುವುದಿಲ್ಲ.

ಮದ್ದೇನೂ ದೊಡ್ಡದಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಸುಮ್ಮನೆ ಕೂತಿರಲಿ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ, ಊಟಕ್ಕೆ ನುಚ್ಚು ಮಜ್ಜಿಗೆ, ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ, ನೋಯದಷ್ಟೇ ಬಾಯಿ ತೆರೆದು ಮುಚ್ಚುವ ಅಭ್ಯಾಸ. ಹೆಚ್ಚಿನವರಿಗೆ ಇಷ್ಟರಲ್ಲೇ ಇಳಿಯುತ್ತದೆ, ಕಚ್ಚದೆ ಇದ್ದರೆ. ಆರು ವಾರದ ರಜೆ ಕೇಳಲು ನಾನೇ ಕಚೇರಿಗೆ ಹೋದೆ. ಅವಳ ಮೇಲಧಿಕಾರಿ ಚನ್ನವೀರಪ್ಪ ನನ್ನನ್ನು ಕೂರಿಸಿ, ಚಹಾ ತರಿಸಿ, "ನಾವೇನ್ ಅಕೀಗಿ ಚಕ್ಕಡಿ ಎಳೀ ಅಂತೀವೇನ್ರೀ ಡಾಕ್ಟ್ರ? ಕುಂತಲ್ಲೇ ಹಲ್ಲ ಕಚ್ಚೂದಷ್ಟ" ಎಂದರು. ಕೊನೆಗೆ ರಜೆ ಸಿಕ್ಕಿತು, ಆದರೆ ಆ ಅರ್ಜಿಗೂ ಅವಳೇ ಬಂದು ಕಚ್ಚಬೇಕಾಯಿತು. ನೋಡಲು ಬಂದ ನೆಂಟರಂತೂ ಹಲ್ಲು ಕಚ್ಚಿ ತಡೆದುಕೋ ಎಂದು ಬುದ್ಧಿ ಹೇಳಿ ಹೋದರು.

ಆರನೆಯ ವಾರಕ್ಕೆ ಎರಡೂಮುಕ್ಕಾಲು ಬೆರಳು ಹಿಡಿಸಿತು. ರೊಟ್ಟಿಯನ್ನು ಪಲ್ಯದಲ್ಲಿ ನೆನೆಸಿಕೊಂಡು ತಿಂದಳು, ಅಳುತ್ತಲೇ ನಕ್ಕಳು. ಆ ಖುಷಿಯಲ್ಲಿ ಗುಣವಾಗಿದೆ ಎಂದು ಪತ್ರ ಕೊಟ್ಟೆ. ತಪ್ಪು ಮಾಡಿದ್ದು ಅಲ್ಲೇ. ಅವಳಿಲ್ಲದ ದಿನಗಳ ಒಪ್ಪಿಗೆಗಳೆಲ್ಲ ಅವಳ ಹೆಸರಿಗೇ ಕಾದು ಕೂತಿರುತ್ತವೆ ಎಂಬುದು ನನಗೆ ಹೊಳೆಯಲೇ ಇಲ್ಲ. ಬೇಸಿಗೆ ಶೇಂಗಾ ಬಿತ್ತುವ ಕಾಲ, ಕಚೇರಿಯ ಬಾಗಿಲಲ್ಲಿ ಬೀಜಕ್ಕಾಗಿ ಜನ ನಿಂತಿದ್ದರು. ಅವಳು ಕೆಲಸಕ್ಕೆ ಮರಳಿದ ಒಂದೇ ದಿನದಲ್ಲಿ ಒಂಬೈನೂರು ಸಲ ಕಚ್ಚಿಸಿದರು. ಮನೆಗೆ ಬಂದಾಗ ಒಂದು ಬೆರಳೂ ಹಿಡಿಸಲಿಲ್ಲ. ಇಷ್ಟು ದವಡೆ ನೋಡಿದ ನನಗೆ ಅಷ್ಟು ತಿಳಿಯಬಾರದಿತ್ತೇ? ಚನ್ನವೀರಪ್ಪನವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚು.

ಈಗ ಕಚೇರಿಯವರು ದೊಡ್ಡ ಮನಸ್ಸು ಮಾಡಿದ್ದಾರೆ. ಎಂದೂ ದಣಿಯದ ಲೋಹದ ಕೀಲನ್ನು ತಾವೇ ಮುಂದೆ ನಿಂತು ಹಾಕಿಸುತ್ತಾರಂತೆ. ದಣಿಯದ ಕೀಲಿದ್ದರೆ ದಿನಕ್ಕೆ ಸಾವಿರ ಸಲ ಕಚ್ಚಿಸಬಹುದಲ್ಲ. ಶುಕ್ರವಾರದೊಳಗೆ ಬೇಡ ಎನ್ನದಿದ್ದರೆ ಒಪ್ಪಿದಂತೆಯೇ ಎಂದು ನೋಟಿಸು ಬಂದಿದೆ. ಕೈಯಲ್ಲಿ ಬರೆದು ಕೊಟ್ಟೆವು, ತೆಗೆದುಕೊಳ್ಳಲಿಲ್ಲ. ಅವಳೇ ಹೋಗಿ ಹಲ್ಲಿನ ಸಂದಿಯಿಂದ "ನನಗ ಬ್ಯಾಡ್ರೀ" ಎಂದಳು. ಬಾಯಿಮಾತು ನಡೆಯುವುದಿಲ್ಲ ಎಂದರು, ವೈದ್ಯೆಯ ಮಾತೂ ನಡೆಯುವುದಿಲ್ಲ ಎಂದರು.

ನನ್ನ ಕೋರಿಕೆ ಇಷ್ಟೇ. ನಿಮ್ಮ ಕಾಲದಲ್ಲಿ ಯಾರಾದರೂ ನಗುತ್ತಾ ಬಂದು, ಒಂದು ಸಲ ಕಚ್ಚಿದರೆ ಸಾಕು, ಎಷ್ಟು ಸಲೀಸು ನೋಡಿ ಎಂದು ಬಿಲ್ಲೆ ಹಿಡಿದರೆ, ಆಗಲೇ ಬೇಡ ಎನ್ನಿ. ಬಾಯಿ ತೆರೆದು ಎನ್ನಿ. ನಮ್ಮಲ್ಲಿ ಬೇಡ ಎನ್ನಲು ಎರಡು ಸಲ ಕಚ್ಚಬೇಕು. ನಿನ್ನೆ ಮಹಾನಂದಾ ನನ್ನ ಕೈ ಹಿಡಿದುಕೊಂಡು ಎರಡು ಸಲವೂ ಕಚ್ಚಿದಳು. ಕೀಲು ಜರುಗಿ ಅವಳ ಹಲ್ಲುಗಳು ಮೊದಲಿನಂತೆ ಕೂಡುವುದಿಲ್ಲ. ಇವಳು ಮಹಾನಂದಾ ಅಲ್ಲ ಎಂದಿತು ಯಂತ್ರ.